ಮೂಡಲ ಗೋಡೆ

ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು, ಅಷ್ಟೇ. ಅದೇನು ಪೂರ್ತಿ ಸುಳ್ಳೂ ಅಲ್ಲ. ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗಿನಿಂದ ಅಮೃತ ಆ ಮಾತನ್ನು ಬಾಯೊಳಗೇ ಹೊರಳಿಸುತ್ತಿದ್ದಳು. ‘ಈ ಗೋಡೆಯನ್ನು ನಾವು ರೇಷ್ಮೆ ಗೂಡಿನಿಂದ ಕಲಿತೆವು.’ ಕಲಿತೆವು ಎನ್ನುವಾಗ ಸ್ವಲ್ಪ ನಗಬೇಕೋ, ಮುಖ ಬಿಗಿಹಿಡಿಯಬೇಕೋ? ನಕ್ಕರೆ ಹುಡುಗಾಟ ಅನ್ನಿಸೀತು. ಬಿಗಿಹಿಡಿದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗೆ ಕೇಳಿಸೀತು. ಪಕ್ಕದಲ್ಲಿ ಅವಳ ತಾಯಿ ಗಂಗುಲಮ್ಮ ಮಗನ ಮದುವೆಗೆ ತೆಗೆದಿದ್ದ ನೇರಳೆ ಸೀರೆ ಉಟ್ಟು, ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಯಾರದೋ ಮದುವೆಗೆ ಹೊರಟವಳಂತೆ ಕೂತಿದ್ದಳು. ಇವತ್ತೇ ಯಾಕೆ ಹೊರಡಬೇಕಿತ್ತು ಇವಳು? ಬೆಳಿಗ್ಗೆ ಎಷ್ಟು ಹೇಳಿದರೂ ಕೇಳಲಿಲ್ಲ. ‘ನೀನ್ ಕಟ್ಟಿರೋ ಮನೆ ನಾನ್ ನೋಡ್ಬಾರ್ದೇನೇ?’ ಮನೆಯಲ್ಲಮ್ಮ, ತರಬೇತಿ ಭವನ ಅದು, ಇವತ್ತು ದೊಡ್ಡ ಅಧಿಕಾರಿ ಬರ್ತಾರೆ, ಇನ್ನೊಂದಿನ ಕರ್ಕೊಂಡ್ ಹೋಗ್ತೀನಿ ಅಂದದ್ದಕ್ಕೆ, ‘ಬರ್ಲಿ ಬಿಡು, ನಾನೇನ್ ಅವರನ್ನ ತಿಂತೀನಾ? ಒಂದ್ ಮೂಲೇಲಿ ಕೂತಿರ್ತೀನಿ’ ಎಂದು ಚಪ್ಪಲಿ ಮೆಟ್ಟಿಯೇಬಿಟ್ಟಳು. ಆ ‘ಒಂದ್ ಮೂಲೆ’ ಎಂಬ ಮಾತು ಅಮೃತಳನ್ನು ರೇಗಿಸಿತು. ರೇಗಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು. ನಿಜ ಹೇಳಬೇಕೆಂದರೆ ತಾಯಿ ಬರುವುದು ಬೇಡವೆನ್ನಿಸಿದ್ದು ಅಧಿಕಾರಿಗೆ ಹೆದರಿಯಲ್ಲ. ಸಂಘದ ಅಧ್ಯಕ್ಷ ನರೇಂದ್ರನ ಎದುರಿಗೆ ಅಮ್ಮ ಹೇಗೆ ಕುಗ್ಗಿ ನಿಲ್ಲುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

ಬಾಯೊಳಗಿನ ಮಾತು ಅವಳದಲ್ಲ, ಚೈತನ್ಯನದು. ಯಲಹಂಕದ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವವಳು ಅಮೃತ, ಆ ನಕ್ಷೆಗಳಿಗೆ ಮಾತು ಕೂಡಿಸುವವನು ಚೈತನ್ಯ, ಆಫೀಸೂ ಅವನದೇ. ಅದು ಎರಡು ಸಾವಿರದ ಒಂಬತ್ತನೇ ಇಸವಿ, ಹಸಿರು ಕಟ್ಟಡ ಎಂಬ ಮಾತು ಆಗಷ್ಟೇ ಬೆಂಗಳೂರು ದಾಟಿ ಈ ಕಡೆ ಬರುತ್ತಿದ್ದ ಕಾಲ. ಶಿಡ್ಲಘಟ್ಟದ ಹೊರಗೆ, ಚಿಂತಾಮಣಿ ರಸ್ತೆಯಲ್ಲಿ, ರೇಷ್ಮೆ ಬೆಳೆಗಾರರ ಸಂಘವೊಂದು ತನಗೊಂದು ತರಬೇತಿ ಭವನ ಬೇಕೆಂದಾಗ, ನೆರವು ಕೊಡುವ ಸಂಸ್ಥೆ ಷರತ್ತು ಹಾಕಿತ್ತು: ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಬೇಕು, ಅದೂ ಚಿನ್ನದ ದರ್ಜೆಯದು. ಮಳೆನೀರು ಹಿಡಿದದ್ದಕ್ಕೆ ಅಂಕ, ಮರ ಕಡಿಯದೆ ಬಿಟ್ಟದ್ದಕ್ಕೆ ಅಂಕ, ಹತ್ತಿರದಲ್ಲೇ ಸುಟ್ಟ ಇಟ್ಟಿಗೆ ತಂದದ್ದಕ್ಕೆ ಅಂಕ. ಎಲ್ಲ ಕೂಡಿಸಿದರೂ ಚಿನ್ನಕ್ಕೆ ಒಂದೇ ಒಂದು ಅಂಕ ಕಡಿಮೆ. ಆ ಒಂದು ಅಂಕ, ಹೊಸ ಆಲೋಚನೆಗೆಂದು ಮೀಸಲಿಟ್ಟ ಭಾಗದಲ್ಲಿತ್ತು. ಪ್ರಕೃತಿಯ ಯಾವುದಾದರೂ ಜೀವಿಯಿಂದ ಪಾಠ ಕಲಿತು ಕಟ್ಟಡದಲ್ಲಿ ಅಳವಡಿಸಿರಬೇಕು. ಅದು ಕೆಲಸ ಮಾಡುತ್ತಿದೆ ಎಂದು ಅಳೆದು ತೋರಿಸಬೇಕು. ಅಮೃತಳ ನಕ್ಷೆಯಲ್ಲಿ ಮೂಡಲ ದಿಕ್ಕಿಗೆ ಒಂದು ಗೋಡೆಯಿತ್ತು. ಒಂದರ ಹಿಂದೊಂದು ಎರಡು ಪದರ, ಹೊರಗಿನದರಲ್ಲಿ ಅಗಲ ಕಂಡಿಗಳು, ಒಳಗಿನದರಲ್ಲಿ ಸಣ್ಣವು, ನಡುವೆ ನೀರು ಜಿನುಗುವ ಗೋಣಿಯ ತೆರೆ. ಅದನ್ನು ನೋಡಿದ್ದೇ ಚೈತನ್ಯ ಮೇಜು ಕುಟ್ಟಿದ್ದ. ‘ಅಮೃತ, ಇದು ರೇಷ್ಮೆ ಗೂಡು! ಹೊರಗೆ ಸಡಿಲ, ಒಳಗೆ ಬಿಗಿ, ಆದ್ರೂ ಉಸಿರಾಡುತ್ತೆ. ರೇಷ್ಮೆ ಊರಲ್ಲಿ ರೇಷ್ಮೆ ಗೂಡಿನಂಥ ಕಟ್ಟಡ. ಅಂಕ ನಮ್ಮ ಜೇಬಲ್ಲಿ ಅಂದ್ಕೋ.’ ಹೌದು ಎಂದಿದ್ದಳು ಅವಳು. ಇಲ್ಲವೆನ್ನಲು ಕಾರಣವೇನಿತ್ತು? ನಕ್ಷೆ ಬರೆಯುವಾಗ ಅವಳ ತಲೆಯಲ್ಲಿ ಗೂಡು ಇರಲಿಲ್ಲ. ಅಲ್ಲಿದ್ದದ್ದು ಇನ್ನೊಂದು ಗೋಡೆ.

ಬಸ್ಸಿನ ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಸೊಪ್ಪು ಕಡಿಯುವ ಹೆಂಗಸರು ಸಾಲಾಗಿ ಬಗ್ಗಿದ್ದರು. ಗಂಗುಲಮ್ಮ ಕತ್ತು ಚಾಚಿ ನೋಡಿ, ‘ಬಲ್ತೋಗೈತೆ ಸೊಪ್ಪು, ಮೊನ್ನೇನೇ ಕುಯ್ಬೇಕಾಗಿತ್ತು’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅಮೃತ ಚಿಕ್ಕವಳಿದ್ದಾಗ ಅಮ್ಮ ಕೂಲಿಗೆ ಹೋಗುತ್ತಿದ್ದ ಮುನಿಶಾಮಪ್ಪ ಗೌಡರ ತೋಟದ ಸೊಪ್ಪೂ ಹೀಗೇ, ಸೊಂಟದುದ್ದ. ಹಸಿ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ಅಮ್ಮ ಮುಂದೆ, ಲಂಗ ಎತ್ತಿಕಟ್ಟಿಕೊಂಡ ಅಮೃತ ಹಿಂದೆ. ಗೌಡರು ರೇಷ್ಮೆ ಹುಳ ಸಾಕುವ ಹುಳುಮನೆಯ ಬಾಗಿಲ ಮುಂದೊಂದು ಚಪ್ಪಡಿ. ಹೊರೆ ಅಲ್ಲಿ ಇಳಿಸಬೇಕು, ಇಳಿಸಿ ಹಿಂದೆ ಸರಿಯಬೇಕು. ಗೌಡರ ಹೆಂಡತಿ ಅಕ್ಕಯ್ಯಮ್ಮ ಒಳಗಿಂದ ಬಂದು, ಹೊರೆಯ ಮೇಲೆ ನೀರು ಚಿಮುಕಿಸಿ, ತಾವೇ ಎತ್ತಿಕೊಂಡು ಹೋಗುತ್ತಿದ್ದರು. ಹುಳ ಎಂದರೆ ದೇವರು. ಮುಟ್ಟಾದವರು ಹೋಗಬಾರದು, ಹೊಸಬರು ಹೋಗಬಾರದು, ಬಾಡು ತಿಂದವರು ಹೋಗಬಾರದು. ಈ ಮೂರೂ ಮಾತು ಅಮೃತಳಿಗೆ ಕೇಳಿಸುವ ಹಾಗೆ ಅಕ್ಕಯ್ಯಮ್ಮ ಎಷ್ಟೋ ಸಲ ಹೇಳಿದ್ದರು. ಕೇರಿಯವರು ಹೋಗಬಾರದು ಎಂದು ಮಾತ್ರ ಅವರು ಒಮ್ಮೆಯೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ಕೆಲಸ ಹೇಳುವ ತನಕ ಅಮ್ಮ, ಮಗಳು ಹುಳುಮನೆಯ ಮೂಡಲ ಗೋಡೆಗೆ ಒರಗಿ ಕೂರುತ್ತಿದ್ದರು. ಆ ಗೋಡೆಯ ಬುಡದಲ್ಲಿ ಸಾಲಾಗಿ ಕಂಡಿಗಳು. ಒಳಗೆ ಗೋಣಿತಾಟು ಇಳಿಬಿಟ್ಟು ನೀರು ಹೊಡೆಯುತ್ತಿದ್ದರಲ್ಲ, ಮಧ್ಯಾಹ್ನ ಸುಡುವ ಹೊತ್ತಿನಲ್ಲೂ ಆ ಕಂಡಿಗಳಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಸೊಪ್ಪಿನ ವಾಸನೆ, ಹುಳದ ಹಿಕ್ಕೆಯ ವಾಸನೆ, ಒದ್ದೆ ಗೋಣಿಯ ವಾಸನೆ. ಅಮೃತಳ ಬೆನ್ನಿಗೆ ಈಗಲೂ ಗೊತ್ತು ಆ ತಂಪು.

ಕಣ್ಣಿಗೆ ಗೊತ್ತಿದ್ದದ್ದು ಕಡಿಮೆ. ನೆಲಕ್ಕೆ ಕೆನ್ನೆ ಆನಿಸಿ ಕಂಡಿಯೊಳಗೆ ಇಣುಕಿದರೆ ಕಾಣುತ್ತಿದ್ದದ್ದು ಹುಳದ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳು, ಇರುವೆ ಹತ್ತದಂತೆ ಆ ಕಾಲುಗಳ ಕೆಳಗಿಟ್ಟ ನೀರಿನ ಬಟ್ಟಲುಗಳು, ಅತ್ತಿಂದಿತ್ತ ಓಡಾಡುವ ಅಕ್ಕಯ್ಯಮ್ಮನ ಪಾದಗಳು. ಒಂದು ದಿನ ಆ ಪಾದ ಎದುರಿಗೇ ಬಂದು ನಿಂತಿತು. ಮರುಕ್ಷಣ ಮುಖದ ಮೇಲೆ ತಣ್ಣೀರು ರಪ್ಪೆಂದು ಬಿತ್ತು. ಗೋಣಿಗೆ ಹೊಡೆಯುವ ನೀರು. ಅಕ್ಕಯ್ಯಮ್ಮ ಆಟ ಆಡುತ್ತಿದ್ದಾರೆಂದು ಮಗು ಕಿಲಕಿಲ ನಕ್ಕಿತು. ಇನ್ನೊಂದು ಸಲ ಬರಲೆಂದು ಮತ್ತೆ ಕಣ್ಣಿಟ್ಟಿತು. ಆಗ ಬೆನ್ನ ಮೇಲೆ ಏಟು ಬಿತ್ತು, ಅಮ್ಮನದು. ‘ಬುದ್ಧಿಗಿದ್ಧಿ ಐತೇನೇ ನಿಂಗೆ?’ ಅಳುತ್ತ ಕೂತ ಅಮೃತಳಿಗೆ ಆ ನೀರು ಒಳ್ಳೆಯದೆನ್ನಿಸಿತ್ತು, ಏಟು ಯಾಕೆ ಬಿತ್ತೆಂದು ತಿಳಿದಿರಲಿಲ್ಲ. ತಿಳಿದ ಮೇಲೆ ನೀರಿನ ನೆನಪೂ ಕೆಟ್ಟುಹೋಯಿತು. ಕೆಟ್ಟರೂ ಹೋಗಲಿಲ್ಲ, ಹಾಳಾದ್ದು.

‘ಇಳೀಬೇಕಾ?’ ಎಂದಳು ಗಂಗುಲಮ್ಮ. ಬಸ್ಸು ಭವನದ ಎದುರಿಗೇ ನಿಂತಿತ್ತು. ಗೇಟಿನ ಬಳಿ ನರೇಂದ್ರ ಬಿಳಿ ಪಂಚೆಯಲ್ಲಿ, ಮೊಬೈಲನ್ನು ಅಂಗೈಯಲ್ಲಿ ಆಡಿಸುತ್ತ ನಿಂತಿದ್ದ. ಅಕ್ಕಯ್ಯಮ್ಮನ ಮಗ. ತಂದೆಯ ಕಾಲದ ಗತ್ತು ಅವನಲ್ಲಿಲ್ಲ. ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುತ್ತಾನೆ, ಯಾರ ಮನೆಯಲ್ಲಾದರೂ ಕಾಫಿ ಕುಡಿಯುತ್ತಾನೆ. ಈ ಕೆಲಸ ಅಮೃತಳ ಆಫೀಸಿಗೆ ಸಿಕ್ಕದ್ದೂ ಅವನಿಂದಲೇ. ‘ನಮ್ಮೂರ ಹುಡುಗಿ ಮಾಡ್ಲಿ’ ಎಂದು ಸಂಘದ ಸಭೆಯಲ್ಲಿ ಅವನು ಹಟ ಹಿಡಿದಿದ್ದನಂತೆ. ಆ ಋಣವನ್ನು ಅವನು ಎಂದೂ ಎತ್ತಿ ಆಡಿರಲಿಲ್ಲ. ಅದೇ ಅವಳಿಗೆ ಕಷ್ಟ. ಎತ್ತಿ ಆಡಿದ್ದರೆ ಒಂದು ಮಾತು ತಿರುಗಿಸಿ ಹೇಳಿ ಹಗುರಾಗಬಹುದಿತ್ತು.

‘ಬಾಮ್ಮ ಅಮೃತ,’ ಎಂದ ನರೇಂದ್ರ. ಹಿಂದೆ ಇಳಿದವಳನ್ನು ನೋಡಿ ಮುಖವರಳಿಸಿದ. ‘ಏನ್ ಗಂಗುಲು, ಮಗಳ ಕೆಲಸ ನೋಡಕ್ ಬಂದ್ಯಾ? ಚೆನ್ನಾಗಿದೀಯಾ?’

‘ಬಂದೆ ಗೌಡ್ರೇ. ಅಮ್ಮೋರು ಹೆಂಗವ್ರೆ?’ ಗಂಗುಲಮ್ಮ ಸೆರಗನ್ನು ಎರಡೂ ಭುಜಕ್ಕೆ ಎಳೆದುಕೊಂಡಳು.

ನೋಡು, ಶುರುವಾಯಿತು. ಅರವತ್ತು ದಾಟಿದ ಹೆಂಗಸು ‘ಗಂಗುಲು’. ನಲವತ್ತು ತುಂಬದ ಇವನು ‘ಗೌಡ್ರೇ’. ಅವನ ದನಿಯಲ್ಲಿ ಪ್ರೀತಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ‘ಅಮ್ಮ ಸೇರಿಸಿ ಕರೆಯಿರಿ’ ಎಂದರೆ ಅವನು ನಾಲಿಗೆ ಕಚ್ಚಿಕೊಂಡು ಕರೆಯುತ್ತಾನೆ. ಆದರೆ ಹಾಗೆ ಹೇಳುವ ಕೆಲಸವೂ ತನ್ನ ಪಾಲಿಗೇ ಬರಬೇಕೆ? ಅಮೃತ ಹೇಳಲಿಲ್ಲ. ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದಳು, ಮತ್ತೆ ತೆರೆದಳು. ‘ಅಮ್ಮ, ಒಳಗೆ ಬಾ, ಕುರ್ಚಿ ಇದೆ’ ಎಂದಳು. ಗಂಗುಲಮ್ಮ ಬಾಗಿಲ ತನಕ ಬಂದು, ಒಳಗೆ ಸಾಲಾಗಿ ಜೋಡಿಸಿದ್ದ ಕೆಂಪು ಕುರ್ಚಿಗಳನ್ನು ನೋಡಿ, ‘ನೀವ್ ಕೆಲಸ ಮುಗಿಸ್ಕೊಳ್ಳಿ’ ಎಂದು ಪಕ್ಕಕ್ಕೆ ತಿರುಗಿದಳು. ಕಟ್ಟಡವನ್ನು ಒಂದು ಸುತ್ತು ಹಾಕಿದಳು. ಎಲ್ಲಿ ಕೂತಳೆಂದು ಅಮೃತ ನೋಡಲು ಹೋಗಲಿಲ್ಲ.

ಮನೆಯಲ್ಲಿ ಅಣ್ಣ ಮುನೇಶ ದೀಕ್ಷೆ ತೆಗೆದುಕೊಂಡು ಬಂದು ಬುದ್ಧನ ಫೋಟೋ ಹಾಕಿದ ದಿನವೂ ಹೀಗೇ ಆಗಿತ್ತು. ಅಮ್ಮ ಬಹಳ ಹೊತ್ತು ಫೋಟೋ ನೋಡಿ, ‘ಈಯಪ್ಪನ ಗುಡಿಗೆ ನಾವು ಹೋಗ್ಬೋದಾ?’ ಎಂದಿದ್ದಳು. ಹೋಗಬಹುದಮ್ಮ, ನಮ್ಮದೇ ಅದು ಎಂದ ಮುನೇಶ. ‘ಎಲ್ಲೀ ಗಂಟ?’ ಎಂದು ಕೇಳಿದ್ದಳು ಗಂಗುಲಮ್ಮ. ಅಣ್ಣ, ತಂಗಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಅಮ್ಮನೂ ನಕ್ಕಳು. ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ.

ಪರಿಶೀಲನೆಗೆ ಬರಬೇಕಾದವರು ಬಂದದ್ದು ಊಟದ ಹೊತ್ತು ಕಳೆದ ಮೇಲೆ. ವೆಂಕಟರಾಯಪ್ಪ ಎಂದು ಹೆಸರು, ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಈಗ ಪ್ರಮಾಣಪತ್ರ ಕೊಡುವವರ ಪರವಾಗಿ ಕಟ್ಟಡಗಳನ್ನು ನೋಡಿ ಬರುವ ಕೆಲಸ. ತೆಳ್ಳಗೆ, ತಲೆಗೆ ಬಟ್ಟೆಯ ಟೋಪಿ, ಕೊರಳಿಗೆ ನೂಲು ಕಟ್ಟಿ ನೇತುಹಾಕಿಕೊಂಡ ಕನ್ನಡಕ. ‘ಅಂಬಾಜಿದುರ್ಗದ ಕೆಳಗೇನಮ್ಮಾ ನಮ್ಮೂರು. ಈ ಕಡೆ ಕೆಲಸ ಅಂದ್ರೆ ನಾನೇ ಕೇಳಿ ಇಸ್ಕೊಂಡು ಬರ್ತೀನಿ’ ಎಂದರು. ಮಳೆನೀರಿನ ತೊಟ್ಟಿ ನೋಡಿದರು, ಉಳಿಸಿದ ಹುಣಸೆಮರ ನೋಡಿದರು, ಇಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು. ಎಲ್ಲಕ್ಕೂ ‘ಬಾಗುಂದಿ, ಬಾಗುಂದಿ’ ಎಂದು ತೆಲುಗಿನಲ್ಲೇ ಮೆಚ್ಚಿದರು. ಇಂಥ ಮನುಷ್ಯನಿಗೆ ಒಂದು ಮಾತು ಹೇಳುವುದು ಏನು ಮಹಾ? ಅವಳು ಅವರನ್ನು ಸಭಾಂಗಣಕ್ಕೆ ಕರೆದುಕೊಂಡು ಹೋಗಿ, ಮೂಡಲ ಗೋಡೆಯ ಮುಂದೆ ನಿಂತು ಹೇಳಿಯೇಬಿಟ್ಟಳು. ‘ಈ ಗೋಡೆಯನ್ನ ನಾವು ರೇಷ್ಮೆ ಗೂಡಿನಿಂದ ಕಲಿತ್ವಿ ಸರ್.’ ನಗಲೂ ಇಲ್ಲ, ಮುಖ ಬಿಗಿಹಿಡಿಯಲೂ ಇಲ್ಲ; ಮಾತು ತನ್ನಷ್ಟಕ್ಕೆ ಉದುರಿತು. ಗೂಡಿನ ಹೊರಮೈ ಸಡಿಲ, ಒಳಮೈ ಬಿಗಿ, ಆದರೂ ಒಳಗಿನ ಜೀವಕ್ಕೆ ಗಾಳಿ ಸಿಗುತ್ತದೆ, ಬಿಸಿಲು ತಟ್ಟುವುದಿಲ್ಲ. ಚೈತನ್ಯ ಬರೆದದ್ದು ಒಂದಕ್ಷರ ಬಿಡದೆ ಬಂತು.

ನರೇಂದ್ರ ಹಿಂದಿನಿಂದ ನಕ್ಕ. ‘ಅದ್ಸರಿ, ಒಳಗೆ ತಂಪಾಗಿದೆ ಅಂತ ಹುಳ ಬಂದು ನಿಂಗೆ ಹೇಳ್ತೇನಮ್ಮಾ? ನಾವು ಅದನ್ನ ಕುದಿಯೋ ನೀರಿಗೆ ಹಾಕೋ ಜನ. ಅದು ಮಾತಾಡಂಗಿದ್ರೆ ಬೇರೆ ಏನಾನಾ ಹೇಳೋದು.’

ಎಲ್ಲರೂ ನಕ್ಕರು. ಅಮೃತಳಿಗೂ ನಗು ಬಂತು, ಅದರ ಹಿಂದೆಯೇ ಒಂದು ಅಳುಕು. ಪ್ರಕೃತಿಯಿಂದ ಕಲಿಯುವುದೆಂದರೆ ಎಷ್ಟು ಸುಲಭ! ಗೂಡು ಬಂದು ‘ನನ್ನನ್ನು ನೀನು ಕೇಳಿದೆಯಾ’ ಎನ್ನುವುದಿಲ್ಲ. ಹುತ್ತದಿಂದ ಕಲಿತೆ ಅನ್ನು, ತಾವರೆ ಎಲೆಯಿಂದ ಕಲಿತೆ ಅನ್ನು, ಯಾರೂ ನೊಂದುಕೊಳ್ಳುವುದಿಲ್ಲ, ಯಾರಿಗೂ ಅವಮಾನವಿಲ್ಲ. ಒಂದು ಗೋಡೆಗೆ ಬೆನ್ನುಕೊಟ್ಟು ಯಾಕೆ ಕೂತಿದ್ದೆ ಎಂದು ಮಾತ್ರ ಯಾರೂ ಕೇಳಬಾರದು.

ವೆಂಕಟರಾಯಪ್ಪ ನಗುತ್ತಲೇ ಚೀಲದಿಂದ ಶಾಖ ಅಳೆಯುವ ಪುಟ್ಟ ಮೀಟರು ತೆಗೆದು ಸಭಾಂಗಣದ ನಡುವೆ ಒಂದು ಕುರ್ಚಿಯ ಮೇಲಿಟ್ಟರು. ಕಾದರು. ಟೋಪಿ ತೆಗೆದು ಅದರಿಂದಲೇ ಗಾಳಿ ಬೀಸಿಕೊಂಡರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದನ್ನು ಅಮೃತ ನೋಡಿದಳು. ತನ್ನ ಕುತ್ತಿಗೆಯೂ ಒದ್ದೆಯಾಗಿದ್ದದ್ದು ಆಗ ತಿಳಿಯಿತು. ಹೆದರಿಕೆಯ ಬೆವರೆಂದು ಅಂದುಕೊಂಡಿದ್ದಳು, ಅಲ್ಲ. ಸೆಕೆ. ಕಿಟಕಿಗಳಿಂದ ಗಾಳಿ ಬರುತ್ತಿತ್ತು, ಬರುತ್ತಲೇ ಇತ್ತು, ಆದರೆ ಪಡುವಲ ಕಡೆಯಿಂದ, ಏಪ್ರಿಲ್ ತಿಂಗಳ ಕಾದ ಗಾಳಿ. ಅದು ಸಭಾಂಗಣವನ್ನೆಲ್ಲ ಹಾದು, ಮೂಡಲ ಗೋಡೆಯ ಕಂಡಿಗಳಲ್ಲಿ ತೂರಿ ಹೊರಕ್ಕೆ ಹೋಗುತ್ತಿತ್ತು.

‘ಜನವರೀಲಿ ಬಂದಾಗ ತಣ್ಣಗಿತ್ತಲ್ಲ?’ ಎಂದ ನರೇಂದ್ರ.

‘ಜನವರೀಲಿ ಮೂಡಲ ಗಾಳಿ ಗೌಡ್ರೇ. ಅದು ಈ ಗೋಡೆ ತೂರಿ ಒಳಗೆ ಬರುತ್ತೆ. ಈಗ ಪಡುವಲದ್ದು.’ ವೆಂಕಟರಾಯಪ್ಪ ಮೀಟರನ್ನು ಎತ್ತಿ, ಕನ್ನಡಕ ಏರಿಸಿ ನೋಡಿ, ಮತ್ತೆ ಇಟ್ಟರು. ದನಿಯಲ್ಲಿ ಕಾಠಿಣ್ಯವಿರಲಿಲ್ಲ. ‘ಅಮ್ಮಾ, ನೀನು ಓದಿದವಳು. ಸೆಕೆಗಾಲಕ್ಕೆ ತಂಪು ಬೇಕು. ಸೆಕೆಗಾಲದ ಗಾಳಿ ಪಡುವಲದಿಂದ ಬರುತ್ತೆ. ಒದ್ದೆ ಗೋಡೆ ಪಡುವಲಕ್ಕಿರಬೇಕಾಗಿತ್ತು. ಇಲ್ಯಾಕೆ ಹಾಕ್ದೆ?’

ಇಲ್ಯಾಕೆ ಹಾಕಿದೆ? ಚೈತನ್ಯನೂ ಒಮ್ಮೆ ಕೇಳಿದ್ದ, ‘ಗಾಳಿ ಆ ಕಡೆಯಿಂದ ಅಲ್ವಾ?’ ಎಂದು. ‘ನಂಗೊತ್ತು, ಮೂಡಲ ಗೋಡೇನೇ ತಂಪು’ ಎಂದಿದ್ದಳು. ಎಷ್ಟು ಖಚಿತವಾಗಿ ಹೇಳಿದ್ದಳೆಂದರೆ ಅವನು ಎರಡನೇ ಸಲ ಕೇಳಲಿಲ್ಲ. ಓದಿದ ಯಾವ ಪಾಠವೂ ಆಗ ನೆನಪಾಗಲಿಲ್ಲ, ನೆನಪಾಗುವ ಅಗತ್ಯವೇ ಕಾಣಲಿಲ್ಲ. ಅವಳ ಬೆನ್ನಿಗೆ ಗೊತ್ತಿತ್ತಲ್ಲ. ಈಗ ಆ ಕಾದ ಸಭಾಂಗಣದ ನಡುವೆ ನಿಂತು, ಮೊದಲ ಬಾರಿಗೆ, ಅವಳು ಆ ಹಳೆಯ ಹುಳುಮನೆಯ ಗಾಳಿಯನ್ನು ಹಿಂಬಾಲಿಸಿ ನೋಡಿದಳು. ಪಡುವಲ ಬಾಗಿಲಿನಿಂದ ಒಳಗೆ ಬಂದ ಗಾಳಿ; ಮೂಡಲ ಕಡೆ ಇಳಿಬಿಟ್ಟ ಒದ್ದೆ ಗೋಣಿ; ಅದರಾಚೆ ಕಂಡಿ; ಕಂಡಿಯಾಚೆ ಅವಳು, ಅವಳಮ್ಮ. ತಂಪು ಇದ್ದದ್ದು ಗೋಡೆಯ ಹೊರಗೆ. ಅಯ್ಯೋ ದೇವರೇ, ತಾನು ಹೊರಗೆ ಕೂತವಳ ಗೋಡೆ ಕಟ್ಟಿದ್ದೇನೆ. ಇಷ್ಟು ಓದಿ, ಇಷ್ಟು ನಕ್ಷೆ ಬರೆದು, ಇಷ್ಟು ಜನಕ್ಕೆ ವಿವರಿಸಿ, ಕಟ್ಟಡದ ಒಳಗೆ ಒಬ್ಬರು ಕೂರುತ್ತಾರೆಂದು ಮಾತ್ರ ತನಗೆ ಹೊಳೆಯಲೇ ಇಲ್ಲ. ಆ ಗೋಡೆಯ ಹೊರಬದಿಗೆ ಉದ್ದಕ್ಕೊಂದು ಕಲ್ಲಿನ ಜಗಲಿಯನ್ನೂ ಬರೆದಿದ್ದಳು. ‘ಇದ್ಯಾಕೆ?’ ಎಂದಿದ್ದ ಚೈತನ್ಯ. ಕೂರೋದಕ್ಕೆ. ‘ಯಾರು ಕೂರೋದಕ್ಕೆ?’ ಯಾರಾದ್ರೂ, ಎಂದಿದ್ದಳು. ಯಾರಿಗೂ ಕಾಣಿಸದ ಹಾಗೆ ಹೊತ್ತು ತಂದಿದ್ದನ್ನು ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ದೀಪ ಬೇರೆ ಹಾಕಿಸಿದ್ದಳು.

ನರೇಂದ್ರನೇ ಮುಂದೆ ಬಂದ. ‘ಸಾರ್, ನಾನ್ ಹೇಳ್ತೀನಿ ಕೇಳಿ. ಇದು ಗೂಡು ಗೀಡು ಅಲ್ಲ. ಇದು ನಮ್ಮನೆ ಹುಳುಮನೆ ಗೋಡೆ. ನಾನು ನೋಡಿದ ದಿನಾನೇ ಅಂದ್ಕೊಂಡೆ. ನಮ್ಮಜ್ಜ ಕಟ್ಟಿಸಿದ್ದು, ಹಿಂಗೇ ಕಂಡಿ, ಹಿಂಗೇ ಗೋಣಿ, ಇದೇ ದಿಕ್ಕು. ಅಮೃತ ನಮ್ಮನೇಲೇ ಆಡ್ಕೊಂಡು ಬೆಳೆದವಳು. ಅಲ್ವೇನಮ್ಮಾ?’ ಅವಳನ್ನು ಕಾಪಾಡಲು ಹೊರಟ ಅವನ ಮುಖ ನಿಜವಾಗಿ ಹೊಳೆಯುತ್ತಿತ್ತು.

ವೆಂಕಟರಾಯಪ್ಪನವರ ಮುಖವೂ ಅರಳಿತು. ‘ಅಟ್ಲಾ! ಹಂಗೆ ಹೇಳಮ್ಮಾ ಮತ್ತೆ. ಈ ಸೀಮೆ ಜನ ತಲೆತಲಾಂತರದಿಂದ ಹುಳ ನೋಡಿ, ಗೂಡು ನೋಡಿ ಕಟ್ಟಿಕೊಂಡು ಬಂದ ಗೋಡೆ, ಅದನ್ನ ತಂದಿದೀನಿ ಅನ್ನು. ಅದಕ್ಕೂ ಅದೇ ಅಂಕ ಐತೆ. ದಿಕ್ಕಿಂದು ಹಳಬರು ಹೆಂಗಿಟ್ಟಿದ್ರೋ ಹಂಗೇ ಇಟ್ಟೆ ಅಂತ ಒಂದು ಮಾತು. ಆ ಹುಳುಮನೆ ಒಳಗೆ ಹೆಂಗಿರ್ತಿತ್ತು, ಎಷ್ಟು ತಂಪಿರ್ತಿತ್ತು, ನೀನು ಕಂಡಿದ್ದು ಹೇಳು. ನಾನು ಬರ್ಕೊಂತೀನಿ, ಚಿನ್ನ ನಿಂದೇ.’

ಇಬ್ಬರೂ ಅವಳನ್ನು ನೋಡಿದರು. ಎಷ್ಟು ಒಳ್ಳೆಯವರು ಇಬ್ಬರೂ. ಹೌದು ಎಂದರೆ ಸಾಕು. ಬಾಲ್ಯದಲ್ಲಿ ಹುಳುಮನೆಯೊಳಗೆ ಓಡಾಡುತ್ತಿದ್ದೆ, ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ, ಸುಡುವ ಬಿಸಿಲಲ್ಲೂ ಒಳಗೆ ತಂಪು. ಎಷ್ಟು ಚೆಂದದ ಬಾಲ್ಯ! ಅದನ್ನು ತೆಗೆದುಕೊಳ್ಳಲು ಅವಳಿಗೆ ಆಸೆಯಾಯಿತು. ಸುಳ್ಳು ಹೇಳುವ ಆಸೆಯಲ್ಲ ಅದು. ಆ ಬಾಲ್ಯ ತನ್ನದಾಗಿದ್ದರೆ ಎಂಬ ಆಸೆ. ಚೈತನ್ಯನಿಗೆ ಫೋನು ಮಾಡಿ ‘ಆಯ್ತು, ಚಿನ್ನ ಬಂತು’ ಎನ್ನಬಹುದು. ಅಮ್ಮನನ್ನು ಗಂಗುಲು ಎಂದು ಕರೆದವನೇ ತನ್ನನ್ನು ಮನೆಮಗಳಾಗಿ ಮಾಡಿಕೊಂಡಿದ್ದಾನೆ, ತಾನು ಬಾಯಿಬಿಟ್ಟು ಕೇಳದೆಯೇ. ಇವನೇನು ಸುಳ್ಳು ಹೇಳಿದನೇ? ಇಲ್ಲ. ಇವನಿಗೆ ನೆನಪಿಲ್ಲ. ಒಳಗಿದ್ದವನಿಗೆ ಗೋಡೆಯಾಚೆ ಯಾರು ಕೂತಿದ್ದರೆಂದು ಯಾಕೆ ನೆನಪಿರಬೇಕು? ಅವಳಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಸಲೀಸಾಗುತ್ತಿತ್ತು. ಮೈಯೆಲ್ಲ ಸುಸ್ತಾಯಿತು.

‘ಒಳಗೆ ಹೆಂಗಿರ್ತಿತ್ತು ನಂಗೊತ್ತಿಲ್ಲ ಸರ್’ ಎಂದಳು.

‘ಅಂದ್ರೆ?’

‘ನಾನು ಒಳಗೆ ಹೋಗಿಲ್ಲ. ನಮ್ಮನ್ನ ಬಿಡ್ತಿರಲಿಲ್ಲ. ಅಮ್ಮ ಸೊಪ್ಪು ತಂದು ಬಾಗಿಲಲ್ಲಿ ಇಳಿಸ್ತಿದ್ದಳು. ನಾವು ಈ ಗೋಡೆ ಹೊರಗಡೆ ಕೂತ್ಕೊಂತಿದ್ವಿ. ಅಲ್ಲಿ ತಂಪಾಗಿರ್ತಿತ್ತು. ನಾನು ಅದನ್ನೇ ಕಟ್ಟಿದೀನಿ.’ ಗೋಡೆ ಕಡೆ ಕೈ ತೋರಿಸಿ, ‘ದಿಕ್ಕು ತಪ್ಪಿದ್ದು ನಾನೇ ಸರ್. ಹಳಬರಲ್ಲ. ಪಡುವಲ ಕಡೆ ಅವರು ಏನು ಇಳಿಬಿಟ್ಟಿದ್ರೋ ನಾನು ಕಂಡಿಲ್ಲ’ ಎಂದಳು.

ನರೇಂದ್ರನ ಕೈಯಲ್ಲಿದ್ದ ಮೊಬೈಲು ಆಡುವುದನ್ನು ನಿಲ್ಲಿಸಿತು. ‘ಅವಾಗಿನ ಕಾಲ...’ ಎಂದ. ಕುತ್ತಿಗೆಯ ಬೆವರು ಒರೆಸಿಕೊಂಡ. ಅವನ ಮೇಲೆ ಅಮೃತಳಿಗೆ ಕನಿಕರವೇ ಆಯಿತು. ವೆಂಕಟರಾಯಪ್ಪ ಮೀಟರು ಎತ್ತಿಕೊಂಡು, ಸಭಾಂಗಣದಿಂದ ಹೊರಕ್ಕೆ ನಡೆದರು. ಇವರಿಬ್ಬರೂ ಹಿಂದೆ ಹೋದರು.

ಮೂಡಲ ಗೋಡೆಯ ಹೊರಗೆ, ಕಲ್ಲಿನ ಜಗಲಿಯ ಮೇಲೆ, ಗಂಗುಲಮ್ಮ ಕೂತಿದ್ದಳು. ಇಡೀ ಕಟ್ಟಡ ಸುತ್ತಿ ಬಂದು ಅವಳು ಆರಿಸಿಕೊಂಡ ಮೂಲೆ ಅದು. ಚಪ್ಪಲಿ ಕಳಚಿ, ಕಾಲು ಚಾಚಿ, ಕಂಡಿಗಳಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿದ್ದಳು. ಕೂದಲ ಎಳೆಗಳು ಕಂಡಿಯಿಂದ ಬರುವ ಗಾಳಿಗೆ ಅಲುಗುತ್ತಿದ್ದವು. ಹೆಜ್ಜೆ ಸದ್ದಿಗೆ ಎಚ್ಚೆತ್ತು, ಗಡಬಡಿಸಿ ಎದ್ದು ನಿಂತು, ಸೆರಗು ಎಳೆದುಕೊಂಡಳು. ‘ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ’ ಎಂದರು ವೆಂಕಟರಾಯಪ್ಪ. ಅವಳು ಕೂರಲಿಲ್ಲ. ಅವಳು ಬಿಟ್ಟ ಜಾಗದಲ್ಲಿ ಮೀಟರು ಇಟ್ಟು ಕಾದರು. ಕಂಡಿಯ ಮುಂದೆ ಅಂಗೈ ಹಿಡಿದರು. ಕನ್ನಡಕ ಏರಿಸಿ ಮೀಟರು ನೋಡಿ, ತಲೆಯಾಡಿಸಿದರು.

‘ಗೋಡೆ ಕೆಲಸ ಮಾಡ್ತೈತಮ್ಮಾ’ ಎಂದರು. ‘ಜಿಲ್ಲೇಲಿ ಇಂಥ ಗೋಡೆ ನೋಡಿಲ್ಲ ನಾನು. ಆದ್ರೆ ಒಳಗಿನ ತಂಪಿಗೆ ಅಂಕ ಐತೆ, ಹೊರಗಿನ ತಂಪಿಗೆ ಇಲ್ಲ. ನಾನೇನ್ ಮಾಡ್ಲಿ?’

‘ಗೊತ್ತು ಸರ್.’

‘ಬೆಳ್ಳಿ ಬರುತ್ತೆ. ಚಿನ್ನ ಕೈಬಿಡ್ತು.’

‘ಗೊತ್ತು ಸರ್’ ಎಂದಳು ಮತ್ತೆ.

ಅವರು ಜೀಪು ಹತ್ತುವ ತನಕ ನರೇಂದ್ರ ಜೊತೆಗೆ ಹೋದ. ಗೇಟಿನ ಬಳಿ ಒಂದು ಸಲ ನಿಂತು ಹಿಂತಿರುಗಿ ನೋಡಿದ. ಮಾತಾಡಲು ವಾಪಸು ಬರುತ್ತಾನೇನೋ ಎಂದು ಅಮೃತ ಕಾದಳು. ಬರಲಿಲ್ಲ. ಚೈತನ್ಯನ ಫೋನು ಬ್ಯಾಗಿನೊಳಗೆ ಬಡಿದುಕೊಳ್ಳುತ್ತಿತ್ತು. ಸಂಘಕ್ಕೆ ನೆರವು ನಿಲ್ಲುತ್ತದೋ, ತನ್ನ ಕೆಲಸ ಉಳಿಯುತ್ತದೋ, ಪಡುವಲಕ್ಕೆ ಇನ್ನೊಂದು ಗೋಡೆ ಕಟ್ಟಿಸಲು ಯಾರು ಒಪ್ಪುತ್ತಾರೋ, ಎಲ್ಲ ಅದರೊಳಗೇ ಬಡಿದುಕೊಳ್ಳುತ್ತಿದ್ದವು. ಅವಳು ಎತ್ತಲಿಲ್ಲ. ಮತ್ತೆ ಜಗಲಿಯ ಮೇಲೆ ಕೂತಿದ್ದ ಅಮ್ಮನ ಪಕ್ಕ ಕೂತು ಗೋಡೆಗೆ ಒರಗಿದಳು. ಬೆನ್ನಿಗೆ ಅದೇ ತಂಪು ತಾಕಿತು. ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ಅಳು ಬಂತು.

‘ಏನಾಯ್ತೇ?’ ಎಂದಳು ಗಂಗುಲಮ್ಮ.

‘ತಪ್ಪು ಕಟ್ಟಿದೀನಮ್ಮ. ಒಳಗಿರಬೇಕಾದ ತಂಪು ಹೊರಗೆ ಬರ್ತಿದೆ.’

ಗಂಗುಲಮ್ಮ ಕಂಡಿಗೆ ಕೈಯಿಟ್ಟು ನೋಡಿದಳು. ಏನೋ ಯೋಚಿಸುತ್ತ, ಗೋಡೆಯನ್ನು ಕೆಳಗಿಂದ ಮೇಲಿನ ತನಕ ನೋಡಿದಳು. ಆಮೇಲೆ, ‘ಎಲ್ರೂ ಹೋದ್ರಾ?’ ಎಂದಳು. ಹೋದರು. ‘ಈಗ ನಾನ್ ಒಳಗೋಗ್ಬೋದಾ?’

‘ಆಗ್ಲೇ ಕರೆದೆನಲ್ಲಮ್ಮ!’ ದನಿ ಏರಿತು. ಮರುಕ್ಷಣ ಇಳಿಸಿ, ‘ಬಾ’ ಎಂದು ಕೈ ಹಿಡಿದಳು.

ಬಾಗಿಲಲ್ಲಿ ಗಂಗುಲಮ್ಮ ತನ್ನ ಚಪ್ಪಲಿಯನ್ನು ಕೈಯಲ್ಲೇ ಹಿಡಿದಿದ್ದಳು. ಹೊಸಿಲ ಬಳಿ ಕ್ಷಣ ನಿಂತು, ಬಲಗಾಲು ಒಳಗಿಟ್ಟಳು. ಸಭಾಂಗಣ ಕಾದ ಹಂಡೆಯ ಹಾಗೆ ಬುಸುಗುಡುತ್ತಿತ್ತು. ನಡುವಿನ ತನಕ ನಡೆದು ಹೋಗಿ ಸುತ್ತ ನೋಡಿದಳು, ಮೇಲೆ ನೋಡಿದಳು, ಒಳಗಿನಿಂದ ಆ ಮೂಡಲ ಗೋಡೆಯನ್ನು ನೋಡಿದಳು. ಕಂಡಿಗಳಲ್ಲಿ ಹೊರಗಿನ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು.

‘ಅಯ್ಯ, ಒಳಗೆ ಇಷ್ಟೇನಾ?’ ಎಂದಳು. ಗಟ್ಟಿಯಾಗಿ ನಕ್ಕೇಬಿಟ್ಟಳು. ‘ಹೊರಗೇ ಎಷ್ಟೋ ವಾಸಿ ಕಣೇ. ಇಲ್ಲಿ ಬೇಯ್ತೈತೆ.’

‘ಅದನ್ನೇ ಅಮ್ಮ ನಾನು ಹೇಳಿದ್ದು. ಬಾ, ಹೊರಗಡೇನೇ ಕೂತ್ಕೊಳ್ಳೋಣ. ಬಸ್ಸಿಗಿನ್ನೂ ಹೊತ್ತಿದೆ.’

ಗಂಗುಲಮ್ಮ ಬರಲಿಲ್ಲ. ಮುಂದಿನ ಸಾಲಿನ ಕೆಂಪು ಕುರ್ಚಿಗಳಲ್ಲಿ ನಡುವಿನದನ್ನು ನೋಡಿ, ಸೀಟನ್ನು ಅಂಗೈಯಿಂದ ಒಂದು ಸಲ ಒತ್ತಿ, ಕೂತಳು. ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ಬೆನ್ನನ್ನು ಪೂರ್ತಿ ಒರಗಿಸಿದಳು. ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

‘ನೀನ್ ಹೋಗಿ ಕೂತ್ಕೋ ಹೋಗು’ ಎಂದಳು. ‘ನಾನ್ ಇಲ್ಲೇ ಸ್ವಲ್ಪ ಹೊತ್ತು ಇರ್ತೀನಿ. ಸೆಕೆ ಆದ್ರೆ ಆಗ್ಲಿ.’